ಹಳೆ ಕಲ್ಲಿನ ದಕ್ಕೆಯನ್ನು ನೋಡುವುದು ಹೇಗೆ? ಲಿವರ್‌ಪೂಲಿನ ಆಲ್ಬರ್ಟ್ ಡಾಕಿನಲ್ಲಿ ಅರ್ಧ ದಿನ

ಊರಿಂದ ಯಾರೇ ಬಂದರೂ ಒಂದು ದಿನ ಅವರನ್ನು ಲಿವರ್‌ಪೂಲಿಗೆ ಕರೆದುಕೊಂಡು ಹೋಗುವುದು ನಮ್ಮ ಮನೆಯ ರೂಢಿ. ಮ್ಯಾಂಚೆಸ್ಟರಿನಿಂದ ರೈಲಿನಲ್ಲಿ ಹೆಚ್ಚೂಕಮ್ಮಿ ಒಂದು ಗಂಟೆ. ಹೋದವರೆಲ್ಲ ಆಲ್ಬರ್ಟ್ ಡಾಕಿನ ದಪ್ಪ ಕೆಂಪು ಕಂಬಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಬೀಟಲ್ಸ್ ಚಿತ್ರ ಇರುವ ಒಂದು ಮಗ್ ಕೊಳ್ಳುತ್ತಾರೆ, ಕಾಫಿ ಕುಡಿದು ಚಳಿಗೆ ಬೈದುಕೊಂಡು ವಾಪಸ್ ಬರುತ್ತಾರೆ. ನಾನೂ ನಾಲ್ಕೈದು ಸಲ ಇದನ್ನೇ ಮಾಡಿದ್ದೆ. ಆಮೇಲೆ ನಮ್ಮ ಮಾವ ಬಂದರು. ಹುಬ್ಬಳ್ಳಿಯವರು, ಪಿಡಬ್ಲ್ಯೂಡಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಅಂಗಡಿಗಳ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ನೀರಿನ ಅಂಚಿಗೆ ಹೋಗಿ, ಕುಕ್ಕರುಗಾಲಲ್ಲಿ ಕೂತು, ಕೆಳಗಿನ ಗೋಡೆಯನ್ನೇ ನೋಡತೊಡಗಿದರು. ಹತ್ತು ನಿಮಿಷ ಆದ ಮೇಲೆ ಕೇಳಿದರು: "ಅಳಿಯಂದ್ರ, ಈ ಕಲ್ಲು ಕೂಡಿಸಿದಾಂವ ಯಾರ್ರೀ?"

ನನಗೆ ಗೊತ್ತಿರಲಿಲ್ಲ. ಅಷ್ಟು ಸಲ ಹೋಗಿ ಬಂದಿದ್ದೆ, ಗೋಡೆ ಇದೆ ಅನ್ನುವುದೇ ಕಣ್ಣಿಗೆ ಬಿದ್ದಿರಲಿಲ್ಲ! ಆಮೇಲೆ ಓದಿ, ಹೋಗಿ, ಮುಟ್ಟಿ ನೋಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಂಗಳೂರಿನ ಬಂದರಿನಲ್ಲಿ ನಾವು ದಕ್ಕೆ ಅನ್ನುತ್ತೇವಲ್ಲ, ಹಡಗು ಒರಗಿ ನಿಂತು ಸರಕು ಇಳಿಸುವ ಜಾಗ, ಅದಕ್ಕೆ ಇಲ್ಲಿಯವರು 'ಕೀ' ಅನ್ನುತ್ತಾರೆ. ನಾನು ದಕ್ಕೆ ಅಂತಲೇ ಬರೆಯುತ್ತೇನೆ. ಡಾಕು ಅಂದರೆ ಸುತ್ತ ದಕ್ಕೆ ಇರುವ, ಹಡಗು ನಿಲ್ಲುವ ನೀರಿನ ಕೊಳ.

ಹೊರಡುವ ಮೊದಲು

ಮೊದಲ ಕೆಲಸ, ಉಬ್ಬರ ಇಳಿತದ ವೇಳಾಪಟ್ಟಿ ನೋಡಿ. ಫೋನಿನಲ್ಲಿ ಲಿವರ್‌ಪೂಲಿನ ಟೈಡ್ ಟೈಮ್ಸ್ ಅಂತ ಹುಡುಕಿದರೆ ಸಾಕು. ನೀರು ಪೂರ್ತಿ ಇಳಿಯುವ ಹೊತ್ತಿಗೆ ಸರಿಯಾಗಿ ನೀವು ಮರ್ಸಿ ನದಿಯ ದಂಡೆಯಲ್ಲಿ ಇರಬೇಕು. ಅದನ್ನು ನೋಡದೆ ಒಳಗೆ ಹೋದರೆ ಇಡೀ ಡಾಕು ಯಾಕೆ ಹೀಗಿದೆ ಅನ್ನುವುದೇ ತಿಳಿಯುವುದಿಲ್ಲ.

ಅಡಿಯಲ್ಲಿ ರಬ್ಬರ್ ಇರುವ ಶೂ ಹಾಕಿಕೊಳ್ಳಿ. ಇಲ್ಲಿಯ ನೆಲಕ್ಕೆ ಹಾಸಿರುವುದು ಗ್ರಾನೈಟ್ ಕಲ್ಲು, ನೂರೈವತ್ತು ವರ್ಷ ಗಾಡಿ ಚಕ್ರ ಉರುಳಿ ನುಣ್ಣಗಾಗಿದೆ. ಆಫೀಸಿಗೆ ಹಾಕುವ ಶೂನಲ್ಲಿ ಹೋಗಿ, ಮಳೆ ಹನಿ ಬಿದ್ದ ಮೇಲೆ ಸರಕ್ಕನೆ ಜಾರಿ, ಮಂಡಿ ಕೆತ್ತಿಸಿಕೊಂಡವನು ನಾನು. ಒಂದು ಟಾರ್ಚ್ ಇರಲಿ, ಫೋನಿನದ್ದೇ ಆದರೂ ನಡೆಯುತ್ತದೆ. ಫ್ರಿಜ್ ಮೇಲೆ ಅಂಟಿಸುವ ಒಂದು ಪುಟ್ಟ ಮ್ಯಾಗ್ನೆಟ್ ಜೇಬಿಗೆ ಹಾಕಿಕೊಳ್ಳಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ನದಿ, ಆಮೇಲೆ ಕಲ್ಲು

ಲೈಮ್ ಸ್ಟ್ರೀಟ್ ಸ್ಟೇಷನ್ನಿನಿಂದ ಇಪ್ಪತ್ತು, ಇಪ್ಪತ್ತೈದು ನಿಮಿಷ ನಡೆದರೆ ನದಿ ಸಿಗುತ್ತದೆ. ದಂಡೆಯ ಕಂಬಿ ಹಿಡಿದುಕೊಂಡು ಕೆಳಗೆ ನೋಡಿ. ದೊಡ್ಡ ಉಬ್ಬರದ ದಿನಗಳಲ್ಲಿ ಇಲ್ಲಿ ನೀರು ಒಂಬತ್ತು, ಹತ್ತು ಮೀಟರ್ ಏರಿ ಇಳಿಯುತ್ತದೆ. ಮೂರು ಮಹಡಿ ಮನೆಯಷ್ಟು ಅಂದುಕೊಳ್ಳಿ, ಅದೂ ದಿನಕ್ಕೆ ಎರಡು ಸಲ. ನಮ್ಮ ಮಂಗಳೂರಿನಲ್ಲಿ ಈ ವ್ಯತ್ಯಾಸ ಎರಡು ಮೀಟರ್ ಕೂಡ ಇಲ್ಲ. ಹಾಗಾಗಿ ನಮ್ಮಲ್ಲಿ ಹೊಳೆಯ ದಂಡೆಗೆ ಒಂದು ಗೋಡೆ ಕಟ್ಟಿ ಮಂಜಿಗೆ, ಅಂದರೆ ಸರಕಿನ ದೋಣಿಗೆ, ಹಗ್ಗ ಬಿಗಿದರೆ ಆಯ್ತು. ಇಲ್ಲಿ ಹಾಗೆ ಕಟ್ಟಿ ಊಟಕ್ಕೆ ಹೋದರೆ, ಬರುವ ಹೊತ್ತಿಗೆ ಹಡಗು ಕೆಸರಿನಲ್ಲಿ ಮಗ್ಗುಲಾಗಿ ಮಲಗಿರುತ್ತದೆ.

ಅದಕ್ಕೆ ಅವರು ಮಾಡಿದ ಉಪಾಯ ನಮ್ಮ ಕೆರೆ ತೂಬಿನದ್ದೇ. ನದಿ ಪಕ್ಕದಲ್ಲಿ ಒಂದು ದೊಡ್ಡ ಕೊಳ ತೋಡು. ಉಬ್ಬರದಲ್ಲಿ ಬಾಗಿಲು ತೆರೆದು ಹಡಗನ್ನು ಒಳಗೆ ಬಿಟ್ಟುಕೋ. ನೀರು ಇಳಿಯುವ ಮುಂಚೆ ಬಾಗಿಲು ಹಾಕು. ಹೊರಗೆ ನದಿ ಎಷ್ಟು ಇಳಿದರೂ ಒಳಗಿನ ನೀರು ಅಲ್ಲೇ ನಿಲ್ಲುತ್ತದೆ, ಹಡಗು ತೇಲುತ್ತಲೇ ಇರುತ್ತದೆ. ವ್ಯಾಪಾರಕ್ಕೆ ಅಂತ ಈ ಥರ ಬಾಗಿಲಿನ ಡಾಕು ಮಾಡಿದ್ದು ಜಗತ್ತಿನಲ್ಲೇ ಇಲ್ಲಿ ಮೊದಲು ಎಂದು ಈ ಊರಿನವರು ಎದೆ ಉಬ್ಬಿಸಿ ಹೇಳುತ್ತಾರೆ. ಕಟ್ಟಿದ್ದು ಥಾಮಸ್ ಸ್ಟೀರ್ಸ್, ಹಡಗು ಬಿಟ್ಟುಕೊಂಡಿದ್ದು 1715ರಲ್ಲಿ. ಆ ಓಲ್ಡ್ ಡಾಕನ್ನು 1826ರಲ್ಲಿ ಮಣ್ಣು ತುಂಬಿ ಮುಚ್ಚಿಬಿಟ್ಟರು. 2001ರಲ್ಲಿ ಅಗೆದಾಗ ಅದರ ಇಟ್ಟಿಗೆ ಗೋಡೆ ಹಾಗೇ ಸಿಕ್ಕಿತು. ಈಗ ಅದು ಲಿವರ್‌ಪೂಲ್ ವನ್ ಎಂಬ ಶಾಪಿಂಗ್ ಜಾಗದ ಅಡಿಯಲ್ಲಿದೆ. ಮ್ಯೂಸಿಯಂನವರು ಕೆಲವು ದಿನ ಒಳಗೆ ಕರೆದುಕೊಂಡು ಹೋಗಿ ತೋರಿಸುತ್ತಾರೆ, ಮೊದಲೇ ಬುಕ್ ಮಾಡಬೇಕು. ಆಗದಿದ್ದರೆ ಮೇಲೆ ಪಾದಚಾರಿ ರಸ್ತೆಯಲ್ಲಿ ಒಂದು ದುಂಡನೆಯ ಗಾಜಿನ ಕಿಂಡಿ ಇದೆ, ಬಗ್ಗಿ ನೋಡಿ. ಚೀಲ ಹಿಡಿದು ಓಡಾಡುವ ಜನರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಅದನ್ನು ದಾಟಿಕೊಂಡು ಹೋಗುತ್ತಾರೆ.

ಸುಮ್ನೆ ಒಂದು ಮಾತು. ಆ ಓಲ್ಡ್ ಡಾಕಿನ ಮೇಲ್ವಿಚಾರಕರಾಗಿದ್ದ ವಿಲಿಯಂ ಹಚಿನ್ಸನ್ ಎಂಬವರು ಪ್ರತಿ ಉಬ್ಬರದ ಹೊತ್ತು ಮತ್ತು ಎತ್ತರ ಅಳೆದು ಬರೆದಿಡುತ್ತಿದ್ದರು. 1768ರಿಂದ 1793ರ ತನಕದ ಲೆಕ್ಕ ಈಗಲೂ ಇದೆ, ಸಮುದ್ರದ ಮಟ್ಟ ಎಷ್ಟು ಏರಿದೆ ಅಂತ ಅಧ್ಯಯನ ಮಾಡುವವರು ಅದನ್ನು ಇವತ್ತಿಗೂ ಬಳಸುತ್ತಾರೆ. ಎತ್ತರ ಅಳೆಯಲು ಅವರು ಇಟ್ಟುಕೊಂಡ ಗುರುತು ಯಾವುದು ಗೊತ್ತಾ? ಡಾಕಿನ ಬಾಗಿಲಿನ ಹೊಸ್ತಿಲು.

ಕಲ್ಲು ಓದುವುದು

ಈಗ ಕ್ಯಾನಿಂಗ್ ಹಾಫ್ ಟೈಡ್ ಡಾಕಿನ ಕಡೆ ಬನ್ನಿ, ನದಿಯಿಂದ ಒಳಗೆ ಬರುವ ಹಳೆ ಬಾಗಿಲು ಇರುವ ಜಾಗ. 1844ರದ್ದು. ಇಲ್ಲಿ ಎಂಟು ಮೂಲೆಯ ಪುಟ್ಟ ಗ್ರಾನೈಟ್ ಗೂಡುಗಳಿವೆ, ಬಾಗಿಲು ಕಾಯುವವರಿಗೆ ಕಟ್ಟಿದ್ದು. ಮಳೆ ಗಾಳಿಗೆ ಒಬ್ಬ ಮನುಷ್ಯ ಒಳಗೆ ನಿಲ್ಲಬಹುದಾದ ಗೂಡಿಗೆ ಕೋಟೆಯಷ್ಟು ದಪ್ಪ ಗೋಡೆ! ನಗು ಬರುತ್ತದೆ. ಆದರೆ ಇದನ್ನು ಕಟ್ಟಿಸಿದವರ ಸ್ವಭಾವವೇ ಹಾಗೆ. ಮಾವ ಕೇಳಿದ ಪ್ರಶ್ನೆಗೆ ಉತ್ತರ ಇವರೇ: ಜೆಸ್ಸಿ ಹಾರ್ಟ್ಲಿ. 1780ರಲ್ಲಿ ಯಾರ್ಕ್‌ಶೈರಿನಲ್ಲಿ ಹುಟ್ಟಿದವರು. ಅಪ್ಪ ಕಲ್ಲು ಕೆಲಸ, ಸೇತುವೆ ಕೆಲಸದವರು, ಮಗನೂ ಅಲ್ಲೇ ಪಳಗಿದ್ದು. 1824ರಲ್ಲಿ ಲಿವರ್‌ಪೂಲಿನ ಡಾಕುಗಳ ಕೆಲಸಕ್ಕೆ ಸೇರಿದರು, 1860ರಲ್ಲಿ ಸಾಯುವ ತನಕ ಬಿಡಲಿಲ್ಲ. ಆ 36 ವರ್ಷದಲ್ಲಿ ಊರಿನ ನದಿದಂಡೆಯ ರೂಪವೇ ಬದಲಾಯ್ತು.

ಗೋಡೆಯ ಹತ್ತಿರ ಹೋಗಿ. ಬಾಗಿಲಿನ ಇಕ್ಕಟ್ಟಾದ ದಾರಿಯ ಎರಡೂ ಕಡೆಯ ಗೋಡೆ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ. ನಾವು ನೋಡಿ ಅಭ್ಯಾಸವಾದ ಕಲ್ಲಿನ ಕಟ್ಟಡದಲ್ಲಿ ವರಸೆ ವರಸೆಯಾಗಿ ಒಂದೇ ಅಳತೆಯ ಚೌಕ ಕಲ್ಲುಗಳಿರುತ್ತವೆ. ಇಲ್ಲಿ ವರಸೆಯೇ ಇಲ್ಲ. ಒಂದು ಕಲ್ಲು ಎಮ್ಮೆಯಷ್ಟು ದೊಡ್ಡದು, ಪಕ್ಕದ್ದು ಐದು ಮೂಲೆಯದು, ಅವೆರಡರ ನಡುವಿನ ಸಂದಿಗೆ ಅಂಗೈಯಷ್ಟು ತ್ರಿಕೋನದ ಚೂರು. ಅಷ್ಟು ಚೂರನ್ನೂ ಕೆತ್ತಿ ಕೂಡಿಸಿದ್ದಾರೆ. ನಾಲ್ಕೈದು ಕಡೆ ಗಾರೆಯ ಸಂದಿಗೆ ಒಂದು ಪೌಂಡಿನ ನಾಣ್ಯ ತೂರಿಸಲು ಪ್ರಯತ್ನಿಸಿ ನೋಡಿ. ನನ್ನ ಮಗಳ ಆಟವೇ ಅದು. ಹೆಚ್ಚಿನ ಕಡೆ ಹೋಗುವುದಿಲ್ಲ.

ಯಾಕೆ ಹೀಗೆ? ಚೆಂದಕ್ಕಲ್ಲ. ಗ್ರಾನೈಟ್ ಬಂಡೆಯನ್ನು ಚೌಕಕ್ಕೆ ಕೆತ್ತುತ್ತಾ ಹೋದರೆ ಅರ್ಧ ಕಲ್ಲು ಚಕ್ಕೆಯಾಗಿ ಹೋಗುತ್ತದೆ, ಕೂಲಿಯೂ ಜಾಸ್ತಿ. ಬಂದ ಆಕಾರದಲ್ಲೇ ಕಲ್ಲನ್ನು ತೆಗೆದುಕೊಂಡು, ಪಕ್ಕದ ಕಲ್ಲಿಗೆ ಹೊಂದುವಂತೆ ಅಂಚು ಮಾತ್ರ ತಿದ್ದಿದರೆ ಕಲ್ಲೂ ಉಳಿಯಿತು, ಗೋಡೆಯೂ ಗಟ್ಟಿಯಾಯಿತು. ನೇರ ವರಸೆ ಇದ್ದರೆ ಬಿರುಕು ಆ ಗೆರೆಯಲ್ಲೇ ಓಡುತ್ತದೆ, ಹೀಗೆ ಹೆಣೆದುಕೊಂಡ ಗೋಡೆಯಲ್ಲಿ ಅದಕ್ಕೆ ಓಡಲು ದಾರಿ ಸಿಗುವುದಿಲ್ಲ. ಕಲ್ಲು ಬಂದಿದ್ದು ಸ್ಕಾಟ್ಲೆಂಡಿನ ದಕ್ಷಿಣದ ಕರ್ಕ್‌ಮೇಬ್ರೆಕ್ ಗಣಿಯಿಂದ, ಸಮುದ್ರದ ಮೇಲೆ. ಆ ಗಣಿಯನ್ನು ನಡೆಸುತ್ತಿದ್ದವರು ಡಾಕಿನವರೇ, ನಡುವೆ ಗುತ್ತಿಗೆದಾರ ಇಲ್ಲ. ಗಾರೆಗೆ ಸುಣ್ಣ ವೇಲ್ಸಿನ ಹಾಲ್ಕಿನ್ ಬೆಟ್ಟದ್ದು. ಒದ್ದೆಯಲ್ಲೂ ಗಟ್ಟಿಯಾಗುವ ಜಾತಿಯ ಸುಣ್ಣ ಅದು, ಮಾಮೂಲಿ ಸುಣ್ಣ ಹಾಕಿದ್ದರೆ ಒಂದು ಮಳೆಗಾಲಕ್ಕೆ ಕರಗಿ ಹೋಗುತ್ತಿತ್ತು.

ಗೋಡೆ ನೋಡುವಾಗ ನಾನು ಇಟ್ಟುಕೊಂಡಿರುವ ಕ್ರಮ ಇದು: ಮೊದಲು ಬಣ್ಣ, ಆಮೇಲೆ ಸಂದಿ, ಕೊನೆಗೆ ಗಾಯ. ಬಣ್ಣ ಅಂದರೆ, ಬೂದು ಬಣ್ಣದ ಗಟ್ಟಿ ಕಲ್ಲು ಕಂಡರೆ ಹೆಚ್ಚಾಗಿ ಅದು ಹಾರ್ಟ್ಲಿ ಕಾಲದ್ದು ಅಥವಾ ಅದರ ಆಮೇಲಿನದು. ಪದರ ಪದರವಾಗಿ ಸವೆಯುವ ಮರಳುಗಲ್ಲು ಕಂಡರೆ ಅದಕ್ಕೂ ಹಳೆಯದು ಇರಬಹುದು, ಯಾಕೆಂದರೆ ಈ ಊರಿನ ನೆಲದಲ್ಲಿ ಸಿಗುವುದೇ ಮರಳುಗಲ್ಲು. ಒಂದೇ ಗೋಡೆಯಲ್ಲಿ ಎರಡೂ ಇದ್ದರೆ ಖುಷಿಪಡಿ, ಹಳೆ ಗೋಡೆಯನ್ನು ಎತ್ತರಿಸಿದ ಇಲ್ಲವೇ ಉದ್ದ ಮಾಡಿದ ಜಾಗ ಸಿಕ್ಕಿತು. ಗಾಯ ಅಂದರೆ ಅಂಚಿನ ಕಲ್ಲಿನ ಮೇಲೆ ಹಗ್ಗ ಉಜ್ಜಿ ಆದ ಗೀರು. ಬೆರಳು ಇಟ್ಟು ನೋಡಿ. ನಮ್ಮ ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗದ ಗುರುತು ಇರುತ್ತದಲ್ವಾ, ಅದೇ ಥರ. ಯಾವ ಕಡೆಗೆ ಓರೆಯಾಗಿದೆ ನೋಡಿದರೆ ಹಡಗನ್ನು ಯಾವ ದಿಕ್ಕಿಗೆ ಎಳೆಯುತ್ತಿದ್ದರು ಅಂತ ಗೊತ್ತಾಗುತ್ತದೆ.

ಪಕ್ಕದಲ್ಲೇ ಕ್ಯಾನಿಂಗ್ ಗ್ರೇವಿಂಗ್ ಡಾಕುಗಳಿವೆ. ನೀರು ಖಾಲಿ ಮಾಡಿ ಹಡಗಿನ ಹೊಟ್ಟೆ ರಿಪೇರಿ ಮಾಡುವ ಹೊಂಡಗಳು, 1760ರ ದಶಕದ್ದು. ಕಲ್ಲಿನ ಮೆಟ್ಟಿಲು ಇಳಿಯುತ್ತಾ ಹೋಗುವುದು ನೋಡಿದರೆ ನಮ್ಮ ಕಲ್ಯಾಣಿ ನೆನಪಾಗುತ್ತದೆ. ಆದರೆ ಇಲ್ಲಿ ಸಜ್ಜಾದ ಹಡಗುಗಳಲ್ಲಿ ಆಫ್ರಿಕಾದ ಜನರನ್ನು ಗುಲಾಮರಾಗಿ ಸಾಗಿಸುವ ಹಡಗುಗಳೂ ಇದ್ದವು. ಲಿವರ್‌ಪೂಲಿನ ಹಡಗುಗಳು ಹೀಗೆ ಸಾಗಿಸಿದ ಜನರ ಲೆಕ್ಕ ಸುಮಾರು 15 ಲಕ್ಷ. ಬ್ರಿಟನ್ ಈ ವ್ಯಾಪಾರವನ್ನು ನಿಲ್ಲಿಸಿದ್ದು 1807ರಲ್ಲಿ. ಊರಿನ ಕೌನ್ಸಿಲ್ ಕ್ಷಮೆ ಕೇಳಿದ್ದು 1999ರಲ್ಲಿ. ಮಕ್ಕಳ ಜೊತೆ ಹೋದರೆ ಇದನ್ನು ಹಾರಿಸಿಬಿಡಬೇಡಿ. ದುಡ್ಡು ಎಲ್ಲಿಂದ ಬಂತು ಅನ್ನುವುದನ್ನು ಬಿಟ್ಟು ಕಲ್ಲನ್ನು ಮಾತ್ರ ಹೊಗಳುವುದು ನನಗೆ ಸರಿ ಕಾಣುವುದಿಲ್ಲ.

ಬೆಂಕಿ ಮತ್ತು ಕಳ್ಳರು

ಈಗ ಆಲ್ಬರ್ಟ್ ಡಾಕಿನ ಒಳಗೆ ಬನ್ನಿ. ನಾಲ್ಕೂ ಕಡೆ ಐದಂತಸ್ತಿನ ಇಟ್ಟಿಗೆ ಗೋದಾಮು, ನಡುವೆ ನೀರು. ಕೆಲಸ ಶುರುವಾದದ್ದು 1841ರಲ್ಲಿ. 1846ರ ಜುಲೈ 30ರಂದು ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್ ಬಂದು ಉದ್ಘಾಟನೆ ಮಾಡಿದರು, ಆಗಿನ್ನೂ ಕೆಲಸ ಪೂರ್ತಿ ಮುಗಿದಿರಲಿಲ್ಲ. ಉದ್ಘಾಟನೆ ಮೊದಲು, ಕೆಲಸ ಆಮೇಲೆ ಅನ್ನುವುದು ನಮ್ಮಲ್ಲಿ ಮಾತ್ರ ಅಲ್ಲ ನೋಡಿ.

ಇದಕ್ಕಿಂತ ಮುಂಚೆ ಸರಕು ಬಯಲು ದಕ್ಕೆಯ ಮೇಲೆ ಇಳಿಯುತ್ತಿತ್ತು. ಅಲ್ಲಿಂದ ಗಾಡಿಯಲ್ಲಿ ಊರೊಳಗಿನ ಖಾಸಗಿ ಗೋದಾಮಿಗೆ. ದಾರಿಯಲ್ಲಿ ಸಕ್ಕರೆ ಮೂಟೆಗೆ ತೂತು, ಬ್ರಾಂಡಿ ಪೀಪಾಯಿಗೆ ತೂತು. ಮೇಲಿಂದ ಬೆಂಕಿಯ ಕಾಟ. ಮರದ ತೊಲೆ, ಮರದ ನೆಲ, ಒಳಗೆ ಹತ್ತಿ ಮತ್ತು ಎಣ್ಣೆ, ಕೇಳಬೇಕಾ? 1842ರ ಸೆಪ್ಟೆಂಬರಿನಲ್ಲಿ ಫಾರ್ಮ್ಬಿ ಬೀದಿಯ ಸುತ್ತಲಿನ ಗೋದಾಮುಗಳು ಸಾಲಾಗಿ ಸುಟ್ಟು ಹೋದವು. ಹಾರ್ಟ್ಲಿ ಮಾತಿಗಿಂತ ಪರೀಕ್ಷೆಯನ್ನು ನಂಬುವವರು. ಚಿಕ್ಕ ಚಿಕ್ಕ ಮಾದರಿ ಕಟ್ಟಿಸಿ, ಒಳಗೆ ಮರ, ಟಾರು ತುಂಬಿಸಿ, ಬೆಂಕಿ ಹಚ್ಚಿ ಯಾವುದು ನಿಲ್ಲುತ್ತದೆ ಅಂತ ನೋಡಿದರು. ಕೊನೆಗೆ ಇಡೀ ಗೋದಾಮನ್ನು ಕಲ್ಲು, ಇಟ್ಟಿಗೆ, ಕಬ್ಬಿಣದಲ್ಲೇ ಕಟ್ಟಿದರು. ತೂಕ ಹೊರುವ ಕಡೆ ಎಲ್ಲೂ ಮರವಿಲ್ಲ.

ಇದನ್ನು ನಂಬಬೇಕಾದರೆ ಕಂಬಸಾಲಿನ ಒಳಗೆ ನಿಂತು ಕತ್ತೆತ್ತಿ ನೋಡಿ, ಟಾರ್ಚ್ ಬಿಡಿ. ಕಬ್ಬಿಣದ ತೊಲೆಗಳು, ಅವುಗಳ ನಡುವೆ ಇಟ್ಟಿಗೆಯ ಸಣ್ಣ ಕಮಾನುಗಳು, ಕಮಾನು ಅಗಲಕ್ಕೆ ಒದೆಯದಂತೆ ಎಳೆದು ಹಿಡಿದಿರುವ ಕಬ್ಬಿಣದ ಸಲಾಕೆಗಳು. ನಮ್ಮ ಕಡೆ ಹಳೆ ರೈಲ್ವೆ ಕಟ್ಟಡಗಳಲ್ಲಿ, ತಾಲ್ಲೂಕು ಕಚೇರಿಗಳಲ್ಲಿ ಜ್ಯಾಕ್ ಆರ್ಚ್ ತಾರಸಿ ನೋಡಿರುತ್ತೀರಿ, ಇದು ಅದೇ ಸಂಸಾರದ್ದು. ಸೂರು ಕೂಡ ಕಬ್ಬಿಣದ ತಗಡುಗಳನ್ನು ರಿವೆಟ್ ಹೊಡೆದು ಸೇರಿಸಿದ್ದು, ಹಡಗನ್ನು ಬೋರಲು ಹಾಕಿದ ಹಾಗೆ. ಮರವೇ ಇಲ್ಲ ಅಂದೆನಲ್ಲ, ಅದು ನೆಲದ ಮೇಲಿನ ಮಾತು. ಈ ಜಾಗ ಮೊದಲು ನದಿಯ ಕೆಸರು, ಮರಳು. ಹಾಗಾಗಿ ಅಡಿಪಾಯಕ್ಕೆ 13 ಸಾವಿರಕ್ಕೂ ಹೆಚ್ಚು ಮರದ ದಿಮ್ಮಿಗಳನ್ನು ಹೊಡೆದು ಇಳಿಸಿದ್ದಾರೆ. ಬೆಂಕಿಗೆ ಹೆದರಿ ಮೇಲೆ ಒಂದು ತೊಲೆ ಮರ ಬಳಸದ ಕಟ್ಟಡ ನಿಂತಿರುವುದೇ ಮರದ ಕಾಲ ಮೇಲೆ. ಗಾಳಿ ಸೋಕದ ಒದ್ದೆ ಮಣ್ಣಿನಲ್ಲಿ ಮರ ಕೊಳೆಯುವುದು ತೀರಾ ನಿಧಾನ. ಮಾವನಿಗೆ ಇದನ್ನು ಹೇಳಿದಾಗ, ನಾನೇ ಕಟ್ಟಿಸಿದೆನೇನೋ ಅನ್ನುವ ಹಾಗೆ ನನ್ನ ಬೆನ್ನು ತಟ್ಟಿದರು.

ಆ ಕೆಂಪು ಕಂಬಗಳೂ ಕಲ್ಲಲ್ಲ. ಎರಕದ ಕಬ್ಬಿಣ, ಹಳಬರ ಮಾತಿನಲ್ಲಿ ಬೀಡು. ಸುಮಾರು 15 ಅಡಿ ಎತ್ತರ, ಒಳಗೆ ಟೊಳ್ಳು. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಗ್ರೀಕರ ಗುಡಿಯ ಡೋರಿಕ್ ಕಂಬವನ್ನು ಯಾರೋ ಕುಳ್ಳಗೆ ದಪ್ಪಗೆ ಮಾಡಿ ನಿಲ್ಲಿಸಿದ ಹಾಗಿದೆ ಎಂದು ಆಗಿನ ಕಾಲದಲ್ಲೇ ಮೂಗು ಮುರಿದವರಿದ್ದರು. ನನಗಂತೂ ಇಷ್ಟ. ಹಡಗು ಬಂದು ಗುದ್ದಬಹುದಾದ ಜಾಗದಲ್ಲಿ ತೆಳ್ಳನೆ ಕಂಬ ಯಾಕೆ ಬೇಕು? ಕಂಬಸಾಲಿನ ನಡುವೆ ಅಲ್ಲಲ್ಲಿ ಅಗಲ ಕಮಾನು ಮೇಲಿನ ಅಂತಸ್ತಿಗೆ ನುಗ್ಗಿದೆ ನೋಡಿ, ಕ್ರೇನಿನ ತೋಳು ತಿರುಗಲು ಬಿಟ್ಟ ಜಾಗ ಅದು. ಹಡಗು ಗೋದಾಮಿನ ಬುಡಕ್ಕೇ ಬರುತ್ತದೆ. ಸರಕು ಕಂಬಸಾಲಿನ ನೆರಳಲ್ಲಿ ಇಳಿಯುತ್ತದೆ, ತೂಕ ಆಗುತ್ತದೆ, ಮೇಲಕ್ಕೆ ಹೋಗುತ್ತದೆ. ಊರಿನ ಬೀದಿಗೆ ಕಾಲಿಡುವುದೇ ಇಲ್ಲ. ಕಳ್ಳರ ಕಥೆ ಅಲ್ಲಿಗೆ ಮುಗಿಯಿತು. ಮಾಲೀಕನಿಗೆ ಇನ್ನೊಂದು ಲಾಭ, ಗೋದಾಮಿನಿಂದ ಹೊರಗೆ ಒಯ್ಯುವ ತನಕ ಸುಂಕ ಕಟ್ಟಬೇಕಿಲ್ಲ. ಚಹಾ, ರೇಷ್ಮೆ, ತಂಬಾಕು, ಸಕ್ಕರೆ, ಬ್ರಾಂಡಿ, ಆನೆದಂತ, ಹತ್ತಿ, ಬೆಲೆ ಬಾಳುವುದೆಲ್ಲ ಇಲ್ಲಿಗೆ ಬಂತು. ಊರೊಳಗೆ ಸ್ವಂತ ಗೋದಾಮು ಇಟ್ಟುಕೊಂಡವರು ಈ ಯೋಜನೆಯನ್ನು ಯಾಕೆ ವಿರೋಧಿಸಿದರು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ನೀರಿನಿಂದ ನಡೆಯುವ ಕ್ರೇನು

ಗೋಡೆಗೆ ಅಂಟಿಕೊಂಡ ಹಳೆ ಕ್ರೇನು, ರಾಟೆ ಕಂಡರೆ ಅಲ್ಲಿ ಸ್ವಲ್ಪ ನಿಲ್ಲಿ. 1848ರಲ್ಲಿ ಇಲ್ಲಿ ನೀರಿನ ಒತ್ತಡದಿಂದ ನಡೆಯುವ ಯಂತ್ರ ಬಂತು. ಗೋದಾಮಿನಲ್ಲಿ ಇಂಥದ್ದು ಇದಕ್ಕಿಂತ ಮುಂಚೆ ಜಗತ್ತಿನಲ್ಲಿ ಎಲ್ಲೂ ಇರಲಿಲ್ಲ. ನ್ಯೂಕ್ಯಾಸಲ್‌ನ ವಿಲಿಯಂ ಆರ್ಮ್‌ಸ್ಟ್ರಾಂಗ್ ಎಂಬ ವಕೀಲರು, ಹೌದು, ವಕೀಲರೇ, ಅಲ್ಲಿಯ ದಕ್ಕೆಯಲ್ಲಿ ಇಂಥ ಒಂದು ಕ್ರೇನು ಮಾಡಿ ತೋರಿಸಿದ್ದರು. ಹಾರ್ಟ್ಲಿ ಅದನ್ನು ಹೋಗಿ ನೋಡಿ ಬಂದರು.

ಕೆಲಸ ಮಾಡುವ ಬಗೆ ಸರಳ. ಒಂದು ಕೊಳವೆಯೊಳಗೆ ಒತ್ತಡದ ನೀರು ನುಗ್ಗಿ ದಪ್ಪ ದಿಂಡನ್ನು ತಳ್ಳುತ್ತದೆ. ದಿಂಡು ಸರಿಯುವುದು ಸ್ವಲ್ಪವೇ ದೂರ, ಆದರೆ ಬಲ ಜಾಸ್ತಿ. ದಿಂಡಿನ ತುದಿಯಲ್ಲೂ ಕೊಳವೆಯ ಬುಡದಲ್ಲೂ ರಾಟೆಗಳಿವೆ, ಸರಪಳಿ ಅವುಗಳ ನಡುವೆ ಹಲವು ಸುತ್ತು ಸುತ್ತಿಕೊಂಡಿದೆ. ಹೀಗಾಗಿ ದಿಂಡು ಒಂದು ಅಡಿ ಸರಿದರೆ ಕೊಕ್ಕೆ ಹಲವು ಅಡಿ ಮೇಲೇರುತ್ತದೆ. ಹಲವು ರಾಟೆ ಜೋಡಿಸಿ ಭಾರ ಎತ್ತುವಾಗ ಬಲ ಉಳಿಸಲು ಹಗ್ಗ ಜಾಸ್ತಿ ಎಳೆಯುವ ಲೆಕ್ಕವನ್ನು ತಿರುಗಿಸಿ ಹಾಕಿದ್ದಾರೆ ಅಷ್ಟೇ. ಆಮೇಲೆ ಇದಕ್ಕೆ ನೀರು ಒತ್ತಲು 1870ರಲ್ಲಿ ಹಬೆಯಂತ್ರದ ಪಂಪ್‌ಹೌಸ್ ಕಟ್ಟಿದರು. ಎತ್ತರದ ಚಿಮಣಿ ಇರುವ ಆ ಕಟ್ಟಡ ಈಗ ಪಬ್ಬು. ಊಟಕ್ಕೆ ಅಲ್ಲೇ ಕೂರಬಹುದು, ಆದರೆ ವಾರಾಂತ್ಯದಲ್ಲಿ ಗದ್ದಲ. ನಮ್ಮ ಮನೆಯವರು ಯಾವಾಗಲೂ ಬುತ್ತಿ ಕಟ್ಟಿಕೊಂಡೇ ಬರುತ್ತಾರೆ.

ಮ್ಯಾಗ್ನೆಟ್ ತೆಗೆಯಿರಿ

ಡಾಕಿನ ಮೂಲೆಯಲ್ಲಿ ದೇವಸ್ಥಾನದ ಮುಖಮಂಟಪದ ಥರ ಕಂಬಗಳಿರುವ ಒಂದು ಕಟ್ಟಡ ಇದೆ, ಡಾಕ್ ಟ್ರಾಫಿಕ್ ಆಫೀಸ್. ವಿನ್ಯಾಸ ಫಿಲಿಪ್ ಹಾರ್ಡ್‌ವಿಕ್ ಅವರದು, ಮೇಲಿನ ಅಂತಸ್ತು ಹಾರ್ಟ್ಲಿ ಸೇರಿಸಿದ್ದು. ದೂರದಿಂದ ಅಚ್ಚ ಕಲ್ಲಿನದೇ. ಮಾವ ಕಂಬದ ಹತ್ತಿರ ಹೋಗಿ, ಮನೆ ಬೀಗದಕೈಯಿಂದ ಎರಡು ಸಲ ಕುಟ್ಟಿ, ಕಿವಿ ಇಟ್ಟು ಕೇಳಿದರು. "ಇದು ಕಲ್ಲಲ್ರೀ, ಬೀಡು." ನಾನು ನಂಬಲಿಲ್ಲ. ಮಗಳ ಚೀಲದಲ್ಲಿ ಒಂದು ಚಿಟ್ಟೆ ಮ್ಯಾಗ್ನೆಟ್ ಇತ್ತು, ಅಂಟಿಸಿದೆವು, ಟಕ್ ಅಂತ ಅಂಟಿತು. ಕಂಬ ಮಾತ್ರ ಅಲ್ಲ, ಮೇಲಿನ ತೊಲೆಯೂ ಎರಕ ಹೊಯ್ದದ್ದೇ. ಬೀಗದಕೈಯಿಂದ ಕುಟ್ಟಿ ಬಣ್ಣ ಎಬ್ಬಿಸಬೇಡಿ, ಇದು ಸರ್ಕಾರ ರಕ್ಷಿಸಿರುವ ಒಂದನೇ ದರ್ಜೆಯ ಕಟ್ಟಡ. ಮ್ಯಾಗ್ನೆಟ್ ಸಾಕು.

ಧಾರವಾಡದ ಅರಳೆ

ಇಲ್ಲಿಗೆ ಬಂದ ಕನ್ನಡಿಗರಿಗೆ ನಾನು ತಪ್ಪದೆ ಹೇಳುವ ಒಂದು ಸಂಗತಿ ಇದೆ. ಲಿವರ್‌ಪೂಲಿಗೆ ಇಳಿದ ಹತ್ತಿ ರೈಲಿನಲ್ಲಿ ಮ್ಯಾಂಚೆಸ್ಟರಿನ ಕಡೆಯ ಗಿರಣಿಗಳಿಗೆ ಹೋಗುತ್ತಿತ್ತು. ಅದರಲ್ಲಿ ಬಹುಪಾಲು ಅಮೆರಿಕದ್ದು, ಗುಲಾಮರು ಬೆಳೆದದ್ದು. 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಗಿ ಹತ್ತಿ ಬರುವುದು ನಿಂತಿತು. ಗಿರಣಿಗಳು ಮುಚ್ಚಿದವು, ಕೆಲಸಗಾರರು ಗಂಜಿಗೆ ಸಾಲು ನಿಂತರು. ಆಗ ಎಲ್ಲರ ಕಣ್ಣು ಹಿಂದೂಸ್ತಾನದ ಮೇಲೆ. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜ ಬಿತ್ತಿಸಿದ್ದರು, ಧಾರವಾಡ ಅಮೆರಿಕನ್ ಅಂತಲೇ ಅದಕ್ಕೆ ಹೆಸರು. ಹತ್ತಿ ಅಂಡಿಗೆಗಳು ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟಾಕ್ಕೆ, ಅಲ್ಲಿಂದ ಹಡಗಿನಲ್ಲಿ ಮುಂಬೈಗೆ, ಮುಂಬೈಯಿಂದ ಲಿವರ್‌ಪೂಲಿಗೆ. ಧಾರವಾಡದ ಹೊಲದಲ್ಲಿ ಬೆಳೆದ ನಾಟಿ ಹತ್ತಿಗೆ ಪೇಟೆಯಲ್ಲಿ ಬಿದ್ದ ಹೆಸರೇ 'ಕುಮಟಾ'. ಬೆಳೆದ ಊರಿನದಲ್ಲ, ಹಡಗು ಹತ್ತಿದ ಊರಿನ ಹೆಸರು.

ಕಾರವಾರದಲ್ಲಿ ಬಂದರು ಮಾಡಿ, ಘಟ್ಟಕ್ಕೆ ರಸ್ತೆ ಮಾಡಿ ಅಂತ ಸರ್ಕಾರದ ಬೆನ್ನು ಬಿದ್ದವರು ಕೂಡ ಮ್ಯಾಂಚೆಸ್ಟರಿನ ಹತ್ತಿ ವ್ಯಾಪಾರಿಗಳೇ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಎಳೆ ಇದೆ. 1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು, ಬೆಲೆ ದಬಕ್ಕನೆ ಬಿತ್ತು. ಕಂಬಸಾಲಿನ ಕೆಳಗೆ ಬೆಂಚಿನ ಮೇಲೆ ಕೂತು ಇದನ್ನೆಲ್ಲ ಹೇಳಿದಾಗ ಮಾವ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಷ್ಟು ದೂರ ಬಂದು ಈ ಥಂಡಿ ಊರಾಗ ಇಳೀತಲ್ರೀ ನಮ್ಮ ಅರಳಿ" ಅಂದರು.

ಮುಚ್ಚಿದ್ದು, ತೆರೆದದ್ದು

ಇಷ್ಟು ಗಟ್ಟಿಯಾಗಿ ಕಟ್ಟಿದ ಡಾಕು ಹಡಗಿಗೆ ಉಪಯೋಗಕ್ಕೆ ಬಂದದ್ದು ತುಂಬಾ ಕಾಲವೇನಲ್ಲ. ಒಳಗೆ ಬರುವ ದಾರಿಯ ಅಗಲ ನೋಡಿ, ಐವತ್ತು ಅಡಿಯೂ ಇಲ್ಲ. ಸಾವಿರ ಟನ್ನಿನ ತನಕದ ಹಾಯಿಹಡಗಿಗೆ ಲೆಕ್ಕ ಹಾಕಿ ಕಟ್ಟಿದ್ದು. ಕಟ್ಟಿ ಐವತ್ತು ವರ್ಷ ಆಗುವಷ್ಟರಲ್ಲಿ ಕಬ್ಬಿಣದ ದೊಡ್ಡ ಉಗಿಹಡಗು ಬಂದವು, ಅವು ಈ ಬಾಗಿಲಲ್ಲಿ ಹಿಡಿಯುವುದಿಲ್ಲ. ಕಲ್ಲು ಗಟ್ಟಿ ಇದ್ದದ್ದೇ ತೊಂದರೆ ಆಯ್ತು, ಅಗಲ ಮಾಡುವ ಹಾಗಿಲ್ಲ, ಒಡೆಯುವ ಹಾಗಿಲ್ಲ. 1920ರ ಹೊತ್ತಿಗೆ ಹಡಗು ಬರುವುದು ಹೆಚ್ಚೂಕಮ್ಮಿ ನಿಂತಿತ್ತು, ಗೋದಾಮು ಮಾತ್ರ ನಡೆಯುತ್ತಿತ್ತು. 1972ರಲ್ಲಿ ಅದೂ ಮುಚ್ಚಿತು. ಬಾಗಿಲು ಹಾಕುವವರಿಲ್ಲದೆ ನದಿಯ ಕೆಸರು ಒಳಗೆ ಬಂದು ತುಂಬಿತು. ಕೆಡವಿ ಎತ್ತರದ ಕಚೇರಿಗಳನ್ನು ಕಟ್ಟುವ ಮಾತೂ ನಡೆದಿತ್ತು. 1981ರ ಆಮೇಲೆ ಕೆಸರು ತೆಗೆದು, ರಿಪೇರಿ ಮಾಡಿ, 1988ರಲ್ಲಿ ಮತ್ತೆ ತೆರೆದರು. ಮ್ಯೂಸಿಯಂ, ಟೇಟ್ ಗ್ಯಾಲರಿ, ಮನೆ, ಹೋಟೆಲು ಎಲ್ಲ ಬಂದವು. ಮ್ಯೂಸಿಯಂಗಳು ಆಗಾಗ ರಿಪೇರಿಗೆ ಮುಚ್ಚಿರುತ್ತವೆ, ಹೋಗುವ ಮುಂಚೆ ವಿಚಾರಿಸಿ.

ಇನ್ನೂ ಕಾಲಲ್ಲಿ ಶಕ್ತಿ ಇದ್ದರೆ

ನದಿದಂಡೆಯಲ್ಲೇ ಉತ್ತರಕ್ಕೆ ಸುಮಾರು 3 ಕಿಲೋಮೀಟರ್ ನಡೆಯಿರಿ. ಮೊದಲ ಅರ್ಧ ಚೆನ್ನಾಗಿದೆ, ಆಮೇಲೆ ಬರೀ ಗೋಡೆ. ಬೇಸರ ಪಟ್ಟುಕೊಳ್ಳಬೇಡಿ, ನೋಡಲು ಬಂದದ್ದು ಗೋಡೆಯನ್ನೇ. ರೀಜೆಂಟ್ ರೋಡಿನ ಉದ್ದಕ್ಕೂ ಹಾರ್ಟ್ಲಿ ಕಟ್ಟಿಸಿದ 18 ಅಡಿ ಎತ್ತರದ ಗ್ರಾನೈಟ್ ಗೋಡೆ, ಕಳ್ಳರನ್ನು ತಡೆಯಲು ಅಂತ ಕಟ್ಟಿದ್ದು. ನಡುನಡುವೆ ಕೋಟೆ ಬುರುಜಿನಂಥ ಬಾಗಿಲ ಕಂಬಗಳು. ಆ ಕಂಬದ ಪಕ್ಕದಲ್ಲಿರುವ ಉದ್ದನೆ ಸೀಳಿನೊಳಗೆ ಇಣುಕಿ ನೋಡಿ. ಬಾಗಿಲು ಅದರೊಳಗೆ ಸರಿದು ಕೂರುತ್ತಿತ್ತು, ರೈಲಿನ ಸ್ಲೈಡಿಂಗ್ ಡೋರಿನ ಹಾಗೆ. ಕಲ್ಲಿನ ಮೇಲೆ ಡಾಕಿನ ಹೆಸರು, ಇಸವಿ ಕೆತ್ತಿರುವುದೂ ಸಿಗುತ್ತದೆ.

ಸ್ಟಾನ್ಲಿ ಡಾಕಿನಲ್ಲಿ 1901ರ ತಂಬಾಕು ಗೋದಾಮು ಇದೆ. 2 ಕೋಟಿ 70 ಲಕ್ಷ ಇಟ್ಟಿಗೆ, ಹದಿನಾಲ್ಕು ಅಂತಸ್ತು. ದೂರದಿಂದ ಭಾರಿ ಕಾಣುತ್ತದೆ, ಆದರೆ ಒಂದೊಂದು ಅಂತಸ್ತೂ ತೀರಾ ತಗ್ಗು, ಯಾಕೆಂದರೆ ಅಳತೆ ತೆಗೆದದ್ದು ಮನುಷ್ಯನಿಗಲ್ಲ, ತಂಬಾಕಿನ ಪೀಪಾಯಿಗೆ. ಈಗ ಮನೆಗಳಾಗಿ ಬದಲಾಗುತ್ತಿದೆ, ಒಳಗೆ ಬೆಳಕು ಬರಲಿ ಅಂತ ನಡುವಿನ ಭಾಗವನ್ನೇ ಕೊರೆದು ತೊಟ್ಟಿಮನೆಯ ಹಾಗೆ ಅಂಗಳ ಮಾಡಿದ್ದಾರೆ. ಅದರ ಆಚೆ ಬ್ರಾಮ್ಲಿ ಮೂರ್ ಡಾಕು. 1848ರ ಆ ಡಾಕಿಗೆ ಮರಳು ತುಂಬಿ ಎವರ್ಟನ್ ಫುಟ್‌ಬಾಲ್ ತಂಡದ ಹೊಸ ಸ್ಟೇಡಿಯಂ ಕಟ್ಟಿದ್ದಾರೆ. 2004ರಲ್ಲಿ ಯುನೆಸ್ಕೋ ಈ ನದಿದಂಡೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತ್ತು, ಹೊಸ ಕಟ್ಟಡಗಳ ಕಾರಣಕ್ಕೆ 2021ರಲ್ಲಿ ತೆಗೆದುಹಾಕಿತು. ನನ್ನ ಅಭಿಪ್ರಾಯ ಕೇಳಿದರೆ, ಸ್ಟೇಡಿಯಂ ಬಂದದ್ದಕ್ಕೆ ಬೇಸರವಿಲ್ಲ, ಎಷ್ಟೋ ವರ್ಷದಿಂದ ಪಾಳು ಬಿದ್ದಿದ್ದ ಕಡೆ ಜನ ಬರುತ್ತಿದ್ದಾರೆ. ಆದರೆ ನೀರು ತುಂಬಿದ ಕೊಳಕ್ಕೆ ಮರಳು ಸುರಿಯುವುದನ್ನು ನೋಡಿದಾಗ ಹೊಟ್ಟೆ ಚುರ್ ಅಂದದ್ದು ಸುಳ್ಳಲ್ಲ.

ಮ್ಯಾಚ್ ಇರುವ ದಿನ ಮಾತ್ರ ಈ ಕಡೆ ಬರಬೇಡಿ, ಕಾಲಿಡಲು ಜಾಗ ಇರುವುದಿಲ್ಲ. ವಾಪಸಿಗೆ ಸ್ಯಾಂಡ್‌ಹಿಲ್ಸ್ ಸ್ಟೇಷನ್ ಹತ್ತಿರ, ಅಲ್ಲಿಂದ ಊರೊಳಗೆ ರೈಲಿನಲ್ಲಿ ಕೆಲವೇ ನಿಮಿಷ.